ಬಂದೂಕಕ್ಕೆ ಹೂಮಾಲೆಯೆ?

ಪೊಲೀಸರು ಆರೋಪಿಯೊಬ್ಬನನ್ನು ಗುಂಡಿಕ್ಕಿ ಕೊಂದರೆಂಬ ಸುದ್ದಿ ಬಂದೊಡನೆ ಜಯಕಾರ ಹಾಕುವ, ಸಿಹಿ ಹಂಚುವ ಪದ್ಧತಿಯೊಂದು ನಮ್ಮಲ್ಲಿ ಬೇರೂರುತ್ತಿದೆ. ಇದನ್ನು ಧರ್ಮದ ಗೆಲುವೆಂದು ಬಗೆಯುವವರು ಓದುಬರಹ ಅರಿಯದವರಲ್ಲ. ಪದವೀಧರರು, ಉಪಾಧ್ಯಾಯರು, ಇಷ್ಟಲಿಂಗಪೂಜೆ ಮುಗಿಸಿಯೇ ಮನೆಯಿಂದ ಹೊರಬೀಳುವ ಸದ್ಭಕ್ತರು. ಆದಕಾರಣ ಈ ಮಾತನ್ನು ಇಲ್ಲಿಯೇ, ತುಸು ಕಟುವಾಗಿಯೇ, ಆಡಬೇಕಾಗಿದೆ.

2025ರ ಏಪ್ರಿಲ್ 13ರಂದು ಹುಬ್ಬಳ್ಳಿಯಲ್ಲಿ ಐದು ವರ್ಷದ ಹಸುಳೆಯೊಂದರ ಕೊಲೆಯಾಯಿತು. ಆರೋಪಿಯೆಂದು ಹಿಡಿದ ಬಿಹಾರದ ಮನುಷ್ಯನು ಅದೇ ದಿನ ಪೊಲೀಸರ ಗುಂಡಿಗೆ ಬಲಿಯಾದನು. ಆತ ದಾಳಿಮಾಡಿ ತಪ್ಪಿಸಿಕೊಳ್ಳಲು ಯತ್ನಿಸಿದನೆಂದು ಪೊಲೀಸರು ಹೇಳಿದರು. ತನಿಖೆಯನ್ನು ಸಿ.ಐ.ಡಿ.ಗೆ ಒಪ್ಪಿಸಲಾಯಿತು. ಆ ಘಟನೆಯ ಸತ್ಯಾಸತ್ಯತೆಯನ್ನು ನಾವಿಲ್ಲಿ ನಿರ್ಣಯಿಸಹೊರಟಿಲ್ಲ. ಆದರೆ ತನಿಖೆ ಆರಂಭವಾಗುವ ಮೊದಲೇ ಜನ ತಮ್ಮ ತೀರ್ಪನ್ನು ಕೊಟ್ಟು ಸಂಭ್ರಮಿಸಿದರಲ್ಲ, ನಮ್ಮ ತಕರಾರು ಅದರ ಮೇಲೆ. "ಅಪ್ಪಾರ, ಅಂಥಾವನಿಗೆ ಕೋರ್ಟು ಯಾಕ ಬೇಕ್ರಿ?" ಎಂದು ಹಿರಿಯ ಭಕ್ತರೊಬ್ಬರು ನಮ್ಮನ್ನೇ ಕೇಳಿದರು. ಕೋರ್ಟು ಬೇಕಾಗಿರುವುದು ಅವನಿಗಾಗಿ ಮಾತ್ರವಲ್ಲ, ಆ ಮಗುವಿಗಾಗಿಯೂ ಹೌದು. ಸತ್ತವನನ್ನು ಯಾರೂ ವಿಚಾರಿಸಲಾರರು. ಅವನು ಒಬ್ಬನೇ ಇದ್ದನೆ, ಹಿಂದೆ ಬೇರೆ ಊರಿನಲ್ಲಿ ಬೇರೆ ಮಗುವಿಗೂ ಹೀಗೆ ಮಾಡಿದ್ದನೆ ಎಂಬ ಪ್ರಶ್ನೆಗಳೆಲ್ಲ ಅವನೊಡನೆಯೇ ಮಣ್ಣಾಗುತ್ತವೆ.

ಹೈದರಾಬಾದಿನ ಪ್ರಕರಣವನ್ನು ಇನ್ನಷ್ಟು ನಿಧಾನವಾಗಿ ನೋಡೋಣ. 2019ರ ನವೆಂಬರ್ 27ರ ರಾತ್ರಿ ಶಂಷಾಬಾದಿನ ಬಳಿ ಯುವ ಪಶುವೈದ್ಯೆಯೊಬ್ಬಳು ಅತ್ಯಾಚಾರಕ್ಕೂ ಕೊಲೆಗೂ ಈಡಾದಳು. ಮಗಳು ಕಾಣೆಯಾಗಿದ್ದಾಳೆಂದು ಗೋಗರೆದ ಮನೆಯವರನ್ನು ಪೊಲೀಸರು "ಇದು ನಮ್ಮ ಸರಹದ್ದಲ್ಲ" ಎಂದು ಠಾಣೆಯಿಂದ ಠಾಣೆಗೆ ಅಲೆಸಿದರೆಂಬ ದೂರು ಬಂದಿತು. ಮೂವರು ಪೊಲೀಸರು ಅಮಾನತ್ತಾದರು. ನಾಡೆಲ್ಲ ಕುದಿಯಿತು. ಡಿಸೆಂಬರ್ 6ರ ಬೆಳಗಿನ ಜಾವ ನಾಲ್ವರು ಆರೋಪಿಗಳು ಗುಂಡಿಗೆ ಬಲಿಯಾದರು. ಅಂದೇ ಜನ ಪೊಲೀಸರ ಮೇಲೆ ಹೂಮಳೆಗರೆದರು. ಒಂಬತ್ತೇ ದಿನಗಳಲ್ಲಿ ಲೆಕ್ಕ ಹೇಗೆ ತಿರುವುಮುರುವಾಯಿತು ನೋಡಿರಿ! ಆ ರಾತ್ರಿ ಕಳೆದುಹೋದ ಗಳಿಗೆಗಳಿಗೆ ಉತ್ತರ ಹೇಳಬೇಕಿದ್ದ ಇಲಾಖೆ ನಾಲ್ಕು ಹೆಣಗಳನ್ನು ತೋರಿಸಿ ಋಣಮುಕ್ತವಾಯಿತು. ಸರಹದ್ದಿನ ಮಾತನ್ನು ಮತ್ತಾರೂ ಎತ್ತಲಿಲ್ಲ.

ಸುಪ್ರೀಂ ಕೋರ್ಟು ನೇಮಿಸಿದ ನ್ಯಾಯಮೂರ್ತಿ ಸಿರ್ಪುರ್ಕರ್ ಆಯೋಗದ ವರದಿ 2022ರಲ್ಲಿ ಬಹಿರಂಗವಾಯಿತು. ಆರೋಪಿಗಳು ಆಯುಧ ಕಸಿದುಕೊಂಡರೆಂಬ ಕಥೆ ನಂಬತಕ್ಕದ್ದಲ್ಲ, ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಲಾಗಿದೆ, ನಾಲ್ವರಲ್ಲಿ ಮೂವರು ಅಪ್ರಾಪ್ತ ವಯಸ್ಕರು, 10 ಮಂದಿ ಪೊಲೀಸರನ್ನು ಕೊಲೆಯ ಆರೋಪದಡಿ ವಿಚಾರಣೆಗೆ ಒಳಪಡಿಸಬೇಕು ಎಂದಿತು ಆಯೋಗ. ಇದು ಆಯೋಗದ ನಿರ್ಣಯ, ನ್ಯಾಯಾಲಯದ ಶಿಕ್ಷೆಯಲ್ಲ, ನಿಜ. ಆದರೆ ಹೂ ಚೆಲ್ಲಿದವರಲ್ಲಿ ಎಷ್ಟು ಮಂದಿ ಆ ವರದಿಯ ಒಂದು ಪುಟವನ್ನಾದರೂ ತಿರುವಿಹಾಕಿದ್ದಾರು?

ಈ ರೋಗ ಹೊಸದಲ್ಲ. 1979-80ರಲ್ಲಿ ಬಿಹಾರದ ಭಾಗಲ್ಪುರದಲ್ಲಿ ಪೊಲೀಸರು 30ಕ್ಕೂ ಹೆಚ್ಚು ವಿಚಾರಣಾಧೀನರ ಕಣ್ಣುಗಳನ್ನು ಚುಚ್ಚಿ ಆಮ್ಲ ಸುರಿದರು. ಆ ಆಮ್ಲಕ್ಕೆ ಅವರು ಇಟ್ಟುಕೊಂಡ ಹೆಸರು 'ಗಂಗಾಜಲ'. ಸಾಯುವವನ ಬಾಯಿಗೆ ಬಿಡುವ ತೀರ್ಥದ ಹೆಸರು! ಸಂಗತಿ ಹೊರಬಿದ್ದಾಗ ಆ ಊರಿನವರು ಬೀದಿಗಿಳಿದುದು ಕುರುಡಾದವರ ಪರವಾಗಿ ಅಲ್ಲ, ಪೊಲೀಸರ ಪರವಾಗಿ.

ಈಗ ಮಾದಕವಸ್ತುಗಳ ಹಾವಳಿಯ ವಿಷಯದಲ್ಲಿಯೂ ಇದೇ ಕೂಗು: "ಮಾರುವವರನ್ನು ಕಂಡಲ್ಲಿ ಸುಡಿರಿ." ಫಿಲಿಪೈನ್ಸ್ ದೇಶದಲ್ಲಿ 2016ರಿಂದ ಅಧ್ಯಕ್ಷ ದುತೆರ್ತೆ ಮಾಡಿಸಿದ್ದೂ ಇದನ್ನೇ. ಪೊಲೀಸ್ ಕಾರ್ಯಾಚರಣೆಗಳಲ್ಲಿ ಸತ್ತವರು, ಸರಕಾರದ ಲೆಕ್ಕದಲ್ಲಿಯೇ, 6,000ಕ್ಕೂ ಮಿಕ್ಕಿದರು. 2016ರ ಡಿಸೆಂಬರಿನಲ್ಲಿ ಅಲ್ಲಿ ನಡೆದ ಜನಾಭಿಪ್ರಾಯ ಸಮೀಕ್ಷೆಯಲ್ಲಿ ನೂರಕ್ಕೆ 85 ಮಂದಿ ಈ ಕಾರ್ಯಾಚರಣೆಯಿಂದ ತೃಪ್ತರೆಂದರು. ಅದೇ ಸಮೀಕ್ಷೆಯಲ್ಲಿ ನೂರಕ್ಕೆ 78 ಮಂದಿ ತಾವೋ ತಮ್ಮ ಪರಿಚಿತರೋ ಇಂಥ ಹತ್ಯೆಗೆ ಬಲಿಯಾದೇವೆಂಬ ಭಯವನ್ನೂ ಹೇಳಿಕೊಂಡರು. ಚಪ್ಪಾಳೆ ತಟ್ಟುವ ಕೈಯೇ ನಡುಗುತ್ತಿತ್ತು! 2025ರ ಮಾರ್ಚಿಯಲ್ಲಿ ದುತೆರ್ತೆ ಬಂಧಿತನಾಗಿ ಹೇಗ್ ನಗರದ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದ ವಶಕ್ಕೆ ಹೋದನು. ಪೊಟ್ಟಣ ಮಾರುವ ಹುಡುಗನನ್ನು ಕೊಂದರೆ ಅವನಿಗೆ ಸರಕು ಕೊಟ್ಟವನ ಸುಳಿವೂ ಸತ್ತಂತೆಯೇ. ದೊಡ್ಡ ವ್ಯಾಪಾರಿ ನೆಮ್ಮದಿಯಾಗಿ ನಿದ್ರಿಸುತ್ತಾನೆ. ನಮ್ಮ 1985ರ ಮಾದಕದ್ರವ್ಯ ಕಾಯಿದೆ ಮೈಶೋಧನೆಗೆ ಮುನ್ನ ಪತ್ರಾಂಕಿತ ಅಧಿಕಾರಿಯ ಇಲ್ಲವೆ ಮ್ಯಾಜಿಸ್ಟ್ರೇಟರ ಸಮ್ಮುಖವನ್ನು ಕೇಳುವ ಹಕ್ಕನ್ನು ಕೊಟ್ಟಿದೆ. ಇದನ್ನು ಹಾಸ್ಯಮಾಡುವವರಿದ್ದಾರೆ. ದೊಡ್ಡ ಪ್ರಮಾಣದ ಸರಕಿಗೆ ಹತ್ತರಿಂದ ಇಪ್ಪತ್ತು ವರ್ಷ ಸೆರೆಮನೆ. ಒಂದು ಚೀಟಿ ಗಾಂಜಾವನ್ನು ಆಗದವನ ಜೇಬಿಗೆ ತುರುಕುವುದಕ್ಕೆ ಒಂದು ಕ್ಷಣ ಸಾಕು. ನಾಳೆ ಆ ಜೇಬು ನಿಮ್ಮ ಮಗನದಾಗಿದ್ದರೆ?

ಮೊಕದ್ದಮೆಗಳು ವರ್ಷಗಟ್ಟಲೆ ಎಳೆಯುತ್ತವೆ, ಸಾಕ್ಷಿಗಳು ಉಲ್ಟಾ ಹೊಡೆಯುತ್ತಾರೆ ಎಂಬ ಆಕ್ರೋಶ ನ್ಯಾಯವಾದುದೇ. ಪೊಲೀಸರ ಪಾಡೂ ಕನಿಕರಪಡತಕ್ಕದ್ದು: ಬಂದೋಬಸ್ತಿನಿಂದ ಬಂದ ಇನ್ಸ್‌ಪೆಕ್ಟರನೇ ರಾತ್ರಿ ಕೊಲೆಯ ತನಿಖೆಗೂ ಕೂರಬೇಕು. ಇದಕ್ಕೆಂದೇ ಸುಪ್ರೀಂ ಕೋರ್ಟು 2006ರಲ್ಲಿ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ತನಿಖೆಯನ್ನು ಶಾಂತಿಪಾಲನೆಯಿಂದ ಬೇರ್ಪಡಿಸಿರೆಂದು, ಪೊಲೀಸರ ಮೇಲಿನ ದೂರುಗಳಿಗೆ ಪ್ರತ್ಯೇಕ ಪ್ರಾಧಿಕಾರ ರಚಿಸಿರೆಂದು ಆಜ್ಞಾಪಿಸಿತು. ಆ ಆಜ್ಞೆ ಪೂರ್ಣವಾಗಿ ಜಾರಿಯಾಗಲೆಂದು ಯಾವ ಊರಿನಲ್ಲಿ ಮೆರವಣಿಗೆ ಹೊರಟಿತು? ನಮ್ಮ ಭಕ್ತರು ಯಾವ ಶಾಸಕನನ್ನು ನಿಲ್ಲಿಸಿ ಕೇಳಿದರು? ಹೂ ಚೆಲ್ಲುವುದು ಸುಲಭ, ಬೆವರಿಲ್ಲದ ಕೆಲಸ.

ನಮ್ಮ ಪ್ರಸಾದನಿಲಯದಲ್ಲಿ ಉಂಡು ಓದಿದ ಹಲವರು ಇಂದು ಖಾಕಿ ತೊಟ್ಟಿದ್ದಾರೆ. ಅವರಲ್ಲಿ ನಮ್ಮದೊಂದು ಬೇಡಿಕೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯು, ಅಪರಾಧ ಎಲ್ಲಿಯೇ ನಡೆದಿದ್ದರೂ ದೂರನ್ನು ದಾಖಲಿಸತಕ್ಕದ್ದೆಂದು ಬರವಣಿಗೆಯಲ್ಲಿಯೇ ವಿಧಿಸಿದೆ. ನಡುರಾತ್ರಿ ತಾಯಿಯೊಬ್ಬಳು ನಿಮ್ಮ ಠಾಣೆಯ ಮೆಟ್ಟಿಲೇರಿ ಮಗಳು ಮನೆಗೆ ಬಂದಿಲ್ಲವೆಂದರೆ ಸರಹದ್ದು ಕೇಳದಿರಿ. ಕುರ್ಚಿ ಕೊಟ್ಟು ಕೂರಿಸಿ, ದೂರು ಬರೆದುಕೊಂಡು, ಆಗಲೇ ಜೀಪು ಹೊರಡಿಸಿರಿ.