ಕ್ಷಮೆ ಮರೆವಲ್ಲ

ಯಹೂದಿ ಪರಂಪರೆಯನ್ನೂ ಹಿಟ್ಲರನ ಆಳ್ವಿಕೆಯಲ್ಲಿ ನಡೆದ ಯಹೂದಿಗಳ ನರಮೇಧವನ್ನೂ ವಿದ್ಯಾರ್ಥಿಗಳಿಗೆ ಬೋಧಿಸುವ ವ್ಯಾಸಂಗಕ್ರಮಗಳು ಯೂರೋಪು, ಅಮೆರಿಕ, ಇಸ್ರೇಲುಗಳಲ್ಲಿ ನಡೆದುಬರುತ್ತಿವೆ. 1993ರಲ್ಲಿ ವಾಷಿಂಗ್ಟನ್ನಿನಲ್ಲಿ ಆರಂಭವಾದ ಸ್ಮಾರಕ ಸಂಗ್ರಹಾಲಯವು ತರುಣರಿಗೆ ಇಂಟರ್ನ್‌ಷಿಪ್ ಕೊಟ್ಟು ಕೆಲಸ ಕಲಿಸುತ್ತದೆ. ಇದಕ್ಕೆ ಆಕ್ಷೇಪವೂ ಉಂಟು: ಎಂಬತ್ತು ವರ್ಷಗಳ ಹಿಂದಿನ ಹಗೆಯನ್ನು ಎಳೆಯರ ಮನಸ್ಸಿನಲ್ಲಿ ಮತ್ತೆ ಬಿತ್ತುವುದೇಕೆ, ಕ್ಷಮಿಸಿ ಮರೆಯುವುದೇ ಅಹಿಂಸೆಯಲ್ಲವೆ?

ಜೈನರ ಬಾಯಲ್ಲಿ ಈ ಮಾತು ಸಲ್ಲದು. ಪ್ರತಿಕ್ರಮಣವೆಂದರೆ ಆದ ದೋಷಗಳನ್ನು ಒಂದೊಂದಾಗಿ ನೆನೆದು ಅವುಗಳಿಂದ ಹಿಂದಿರುಗುವುದು. ಮರೆತ ದೋಷಕ್ಕೆ ಆಲೋಚನೆಯಿಲ್ಲ, ಆಲೋಚನೆಯಿಲ್ಲದೆ ಪ್ರಾಯಶ್ಚಿತ್ತವೆಲ್ಲಿಯದು? ಅಲ್ಲದೆ, ಹತರಾದ 60 ಲಕ್ಷ ಯಹೂದಿಗಳ ಪರವಾಗಿ ಕ್ಷಮಿಸುವ ಅಧಿಕಾರವನ್ನು ದೂರದಲ್ಲಿ ನಿಂತವರಿಗೆ ಕೊಟ್ಟವರಾರು?

ಹಿಂಸೆಯು ಕೃತ, ಕಾರಿತ, ಅನುಮತ ಎಂದು ಮೂರು ಬಗೆಯೆಂಬುದು ಶಾಸ್ತ್ರವಾಕ್ಯ. ಆ ನರಮೇಧದಲ್ಲಿ ಮೂರೂ ಇದ್ದವು. 1942ರ ಜನವರಿ 20ರಂದು ಬರ್ಲಿನ್ನಿನ ವಾನ್ಸೆಯಲ್ಲಿ 15 ಮಂದಿ ಅಧಿಕಾರಿಗಳು ಸಭೆ ಸೇರಿ, ಆಗಲೇ ಆರಂಭವಾಗಿದ್ದ ಕೊಲೆಯನ್ನು ಯೂರೋಪಿನಾದ್ಯಂತ ನಡೆಸಲು ಇಲಾಖೆಗಳ ಹೊಣೆಯನ್ನು ಹೊಂದಿಸಿದರು. ಜರ್ಮನ್ ರೈಲ್ವೆಯು ಸಾವಿನೆಡೆಗೆ ಸಾಗಿಸಿದ ಜನರಿಗೂ ಪ್ರಯಾಣದರ ಲೆಕ್ಕಹಾಕಿತು. ನೆರೆಯವರಲ್ಲಿ ಅನೇಕರು ನೋಡಿ ಸುಮ್ಮನಿದ್ದರು. ಲೇಖನಿ ಹಿಡಿದ ಕೈಯೂ ಮೌನ ತಾಳಿದ ನಾಲಗೆಯೂ ಹಿಂಸೆಯಲ್ಲಿ ಪಾಲುಗೊಳ್ಳುವ ಬಗೆಯನ್ನು ಆ ಕಡತಗಳು ತೋರುತ್ತವೆ. ವಾನ್ಸೆಯ ಆ ಮನೆಯೇ 1992ರಿಂದ ಸ್ಮಾರಕವೂ ಶಿಕ್ಷಣಕೇಂದ್ರವೂ ಆಗಿದೆ.

ಇಂಥ ಅಧ್ಯಯನ ಹಗೆಯನ್ನು ಬೆಳೆಸುವುದೆಂಬುದಕ್ಕೆ ಜರ್ಮನಿಯೇ ಉತ್ತರ ಕೊಟ್ಟಿದೆ. ನಾಜಿ ಆಡಳಿತ ಅಂಗವಿಕಲರನ್ನು ಕೊಲ್ಲಿಸಿದುದನ್ನು ಪ್ರತಿಭಟಿಸಿದ ನ್ಯಾಯಾಧೀಶ ಲೋಥಾರ್ ಕ್ರೈಸಿಗ್, 1958ರಲ್ಲಿ ಒಂದು ಸೇವಾಸಂಸ್ಥೆಗೆ ಕರೆಕೊಟ್ಟನು. ಅದರ ಜರ್ಮನ್ ಹೆಸರಿನಲ್ಲಿಯೇ 'ಪ್ರಾಯಶ್ಚಿತ್ತದ ಕುರುಹು' ಎಂಬ ಅರ್ಥವಿದೆ. ಯುದ್ಧ ಮುಗಿದ ಬಳಿಕ ಜನಿಸಿದ ತರುಣರೂ ಅದರ ಮೂಲಕ ಸ್ಮಾರಕಗಳಲ್ಲಿ ದುಡಿದರು, ಬದುಕುಳಿದ ವೃದ್ಧರ ಸೇವೆ ಮಾಡಿದರು. ಇದು ಹಗೆಯೆ?

ಆಶ್ವಿಟ್ಜ್ ಶಿಬಿರದ ಬಾಗಿಲಲ್ಲಿ ಭಾವಚಿತ್ರ ತೆಗೆಸಿಕೊಂಡು ಮರಳುವುದನ್ನು ಯಾರೂ ಅಧ್ಯಯನವೆನ್ನಲಾರರು. ಜೆರುಸಲೇಮಿನಲ್ಲಿ 1953ರಲ್ಲಿ ಸ್ಥಾಪಿತವಾದ ಯಾದ್ ವಾಶೆಮ್ ಸಂಸ್ಥೆಯು ಮೃತರ ಹೆಸರುಗಳನ್ನು ಒಂದೊಂದಾಗಿ ಸಂಗ್ರಹಿಸಿದೆ. ಅಂಥ ಒಂದು ಹೆಸರಿನ ಮುಂದೆ ಕುಳಿತು ಆ ವ್ಯಕ್ತಿಯ ಊರು, ವೃತ್ತಿ, ಮಕ್ಕಳನ್ನು ಗುರುತಿಸುವ ವಿದ್ಯಾರ್ಥಿಗೆ ಲಕ್ಷಗಳ ಲೆಕ್ಕ ಜೀವಗಳ ಲೆಕ್ಕವಾಗುತ್ತದೆ. ಏಕೇಂದ್ರಿಯ ಜೀವವನ್ನೂ ಎಣಿಕೆಗೆ ತರುವ ಧರ್ಮಕ್ಕೆ ಈ ಶ್ರಮದ ಬೆಲೆ ತಿಳಿಯದೆ ಹೋಗಬಾರದು.

ಸುಪಾರ್ಶ್ವನಾಥ ತೀರ್ಥಂಕರರ ಲಾಂಛನವಾದ ಸ್ವಸ್ತಿಕವನ್ನೇ ಹೋಲುವ ಚಿಹ್ನೆಯಡಿಯಲ್ಲಿ ಆ ಕೃತ್ಯಗಳು ನಡೆದವು. ವಿದೇಶಗಳಲ್ಲಿ ಬೆಳೆಯುವ ಜೈನ ಮಕ್ಕಳು ಈ ಪ್ರಶ್ನೆಯನ್ನು ಎದುರಿಸಬೇಕಾಗುತ್ತದೆ. "ನಮ್ಮದು ಬೇರೆ" ಎಂಬ ಉತ್ತರ ನಿಜವಾದರೂ, ಆ ಚಿಹ್ನೆಯಡಿ ನಡೆದುದನ್ನು ಅರಿತವನ ಬಾಯಲ್ಲಿ ಮಾತ್ರ ಅದಕ್ಕೆ ತೂಕವುಂಟು. ಆದುದರಿಂದ ಅಹಿಂಸೆಯ ಪ್ರಚಾರಕ್ಕೆ ಧನವನ್ನು ವಿನಿಯೋಗಿಸುವ ಬಸದಿಗಳ ಟ್ರಸ್ಟುಗಳು, ಹಿಂಸೆಯ ಈ ಇತಿಹಾಸವನ್ನು ಓದಲು ಹೊರಟ ವಿದ್ಯಾರ್ಥಿಗೂ ನೆರವಾಗಲಿ. ತಂದೆತಾಯಿಗಳು ಅವನನ್ನು ತಡೆಯದಿರಲಿ.