ಮರೆವಿನ ಪರೀಕ್ಷೆ ಯಾವ ಭಾಷೆಯಲ್ಲಿ?

ಉಪನಗರದ ಒಂದು ಆರೋಗ್ಯ ಶಿಬಿರದಲ್ಲಿ ನಾವು ಕಣ್ಣಾರೆ ಕಂಡ ಸಂಗತಿಯಿದು. ಎಪ್ಪತ್ತು ದಾಟಿದ ಅಜ್ಜಿಯೊಬ್ಬರು. ಕುಂದಾಪುರದ ಕಡೆಯವರು, ಡೊಂಬಿವಲಿಯಲ್ಲಿ ಮಗನ ಮನೆಯಲ್ಲಿದ್ದಾರೆ. ಪರೀಕ್ಷಕರು ಹಿಂದಿಯಲ್ಲಿ ತಾರೀಕು ಕೇಳಿದರು, ನೂರರಿಂದ ಏಳೇಳು ಕಳೆಯುತ್ತ ಬನ್ನಿ ಎಂದರು. ಅಜ್ಜಿ ಸುಮ್ಮನೆ ಕುಳಿತರು. ಸ್ಮರಣಶಕ್ತಿ ಕುಂದಿದೆಯೆಂದು ಚೀಟಿ ಬರೆದದ್ದಾಯಿತು. ಹೊರಗೆ ಬಂದ ಅದೇ ಅಜ್ಜಿ ಅಂದು ಏಕಾದಶಿಯೆಂದೂ, ಬರುವಾಗ ರಿಕ್ಷಾದವನು ಹತ್ತು ರೂಪಾಯಿ ಹೆಚ್ಚು ಕಿತ್ತನೆಂದೂ ನಮಗೆ ಹೇಳಿದರು! ಆ ಚೀಟಿಯ ದೆಸೆಯಿಂದ ಮಗ ಅವರ ಕೈಯಿಂದ ಗ್ಯಾಸ್ ಲೈಟರನ್ನೂ ಪಾಸ್‌ಬುಕ್ಕನ್ನೂ ತೆಗೆದುಕೊಂಡನೆಂದು ಆಮೇಲೆ ಕೇಳಿದೆವು.

ಈಗ ನಮ್ಮ ಸಂಘದ ಕೆಲವು ಉತ್ಸಾಹಿಗಳು, ಭಾಷೆಯ ಗೊಡವೆಯೇ ಬೇಡ, ಮುಂದಿನ ಶಿಬಿರಕ್ಕೆ ಮಿದುಳಿನ ಅಲೆಗಳನ್ನು ದಾಖಲಿಸುವ ಇ.ಇ.ಜಿ. ಯಂತ್ರವನ್ನೇ ತರಿಸೋಣ ಎನ್ನುತ್ತಿದ್ದಾರೆ. ತಲೆಗೆ ತಂತಿ ಅಂಟಿಸಿದರೆ ಮರೆವು ತಾನಾಗಿ ಹೊರಬೀಳುತ್ತದಂತೆ. ಇದನ್ನು ನಾವು ಖಂಡಿತವಾಗಿ ವಿರೋಧಿಸುತ್ತೇವೆ.

ಯಂತ್ರದ ಮೇಲೆ ನಮಗೆ ಹಗೆಯಿಲ್ಲ. ಜರ್ಮನಿಯ ಹಾನ್ಸ್ ಬರ್ಗರ್ ಮನುಷ್ಯನ ಮಿದುಳಿನ ಅಲೆಗಳನ್ನು 1929ರಲ್ಲಿ ಪ್ರಕಟಿಸಿದಂದಿನಿಂದ ಅದು ವೈದ್ಯರಿಗೆ ಎಷ್ಟೋ ನೆರವಾಗಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸುಪ್ರತಿಮ್ ರೇ ಅವರ ತಂಡ 2021ರಲ್ಲಿ ಪ್ರಕಟಿಸಿದ ಅಧ್ಯಯನವೂ ಹೆಮ್ಮೆ ಪಡುವಂಥದೇ. ಪರದೆಯ ಮೇಲೆ ಪಟ್ಟೆಗಳನ್ನು ತೋರಿಸಿದಾಗ ಏಳುವ ಗ್ಯಾಮಾ ಎಂಬ ವೇಗದ ಅಲೆ, ಮರೆವಿನ ತೊಂದರೆಯಿದ್ದವರಲ್ಲಿ ಕುಗ್ಗಿರುವುದು ಅಲ್ಲಿ ಕಂಡಿತು. ಮಾತು ಬೇಡ, ನೋಡಿದರೆ ಸಾಕು. ಆದರೆ ಆ 244 ಮಂದಿಯಲ್ಲಿ ತೊಂದರೆಯಿದ್ದವರು 17 ಜನ. ಆಲ್ಜೈಮರ್ಸ್ ಇದ್ದವರು ಐವರೇ. ಅವರು ಯಾರೆಂದು ಮೊದಲು ಗೊತ್ತುಮಾಡಿದ್ದಾದರೂ ಯಂತ್ರವೇ? ಅಲ್ಲ, ಪೂರ್ವವೃತ್ತಾಂತ ಕೇಳಿ, ಮಾತನಾಡಿಸಿ ಮಾಡಿದ ಪರೀಕ್ಷೆ! ಬರೀ ವಯಸ್ಸಿನಿಂದಲೂ ಈ ಅಲೆ ಕುಗ್ಗುತ್ತದೆಂದು ಅದೇ ತಂಡ 2020ರಲ್ಲಿ ತೋರಿಸಿತ್ತು. ನಿದ್ದೆಯ ಮಂಪರಿನಿಂದಲೂ, ನಿದ್ದೆಗುಳಿಗೆಯಿಂದಲೂ ಅಲೆಗಳು ಬದಲಾಗುತ್ತವೆ. ಲೋಕಲ್ ಗಾಡಿಯಲ್ಲಿ ತೂಕಡಿಸುತ್ತ ಬಂದ ಹಿರಿಯರ ತಲೆಗೆ ಶಿಬಿರದ ಗದ್ದಲದಲ್ಲಿ ತಂತಿ ಅಂಟಿಸಿದರೆ ಏನು ತಿಳಿದೀತು? ಒಬ್ಬರ ಅಲೆಯನ್ನು ವರ್ಷ ವರ್ಷ ದಾಖಲಿಸಿ ಅವರದೇ ಹಳೆಯ ದಾಖಲೆಯೊಂದಿಗೆ ಹೋಲಿಸಿದರೆ ಅದಕ್ಕೊಂದು ಬೆಲೆ. ಒಂದು ಭಾನುವಾರ ಬಂದು ಹೋಗುವ ಯಂತ್ರಕ್ಕೆ ಆ ಭಾಗ್ಯವೆಲ್ಲಿ?

ಪರೀಕ್ಷೆಯೇ ಬೇಡವೆಂಬುದು ನಮ್ಮ ವಾದವಲ್ಲ. ದೇಶದಲ್ಲಿ 60 ದಾಟಿದವರ ಪೈಕಿ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆಯೆಂದು 2023ರಲ್ಲಿ ಪ್ರಕಟವಾದ ಅಂದಾಜು. ಆದರೆ ಮೊದಲು ಕನ್ನಡದಲ್ಲಿ ಕೇಳಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಹಲವು ಭಾರತೀಯ ಭಾಷೆಗಳಿಗೆಂದು ಸಿದ್ಧಪಡಿಸಿದ ಸ್ಮರಣ ಪರೀಕ್ಷೆಗಳಲ್ಲಿ ಕನ್ನಡವೂ ಇದೆ. ಮುಂಬಯಿ ಕನ್ನಡಿಗರ ಕಿವಿಗೆ ಅದಿನ್ನೂ ಬಿದ್ದಂತಿಲ್ಲ. ಜೊತೆಗೆ ಕಿವಿ, ಕಣ್ಣು, ಥೈರಾಯ್ಡ್, ಬಿ12 ನೋಡಿಸಿ. ಇವುಗಳ ಕೊರತೆಯೂ ಎಷ್ಟೋ ಸಲ ಮರೆವಿನ ವೇಷ ಹಾಕುತ್ತದೆ, ಮದ್ದಿಗೆ ಬಗ್ಗುತ್ತದೆ.

ಯಂತ್ರದ ಬಾಡಿಗೆಗೆಂದು ತೆಗೆದಿರಿಸುವ ಹಣದಲ್ಲಿ ಕನ್ನಡ ಬಲ್ಲ ಮನಶ್ಶಾಸ್ತ್ರಜ್ಞರೊಬ್ಬರನ್ನು ತಿಂಗಳಿಗೊಮ್ಮೆ ಕರೆಸಬೇಕೆಂಬ ಗೊತ್ತುವಳಿಯನ್ನು ಕಾರ್ಯಕಾರಿ ಸಮಿತಿಯ ಮುಂದಿನ ಸಭೆಯಲ್ಲಿ ಮಂಡಿಸಲಿದ್ದೇವೆ. ವಿರೋಧಿಸುವವರು ತಮ್ಮ ಮನೆಯ ಹಿರಿಯರನ್ನೂ ಜೊತೆಗೆ ಕರೆತರಲಿ.