ಕುರ್ಚಿ ಬಿಡದೆ ಯೋಗ

ಸೋದರಿಯರೇ, ಈಗೀಗ ಕಚೇರಿಗಳಿಗೂ ಯೋಗ ಬಂದಿದೆ. ಫೈಲು, ಮೊಹರು, ಹಾಜರಿ ಪುಸ್ತಕದ ಸಾಲಿನಲ್ಲಿ ಉಸಿರಾಟವೂ ಸೇರಿಕೊಂಡಿತು ಅನ್ನಿ. ಒಳ್ಳೆಯ ಮಾತೇ. ಆದರೆ ಒಳ್ಳೆಯದನ್ನು ಮಾಡಿಸುವ ರೀತಿಯೂ ಒಳ್ಳೆಯದಾಗಿರಬೇಕಲ್ಲವೇ? ಈ ಸಲ ಒಗ್ಗರಣೆ ಬದಿಗಿಟ್ಟು ಅದನ್ನೇ ಬರೆಯುತ್ತಿದ್ದೇನೆ.

ಇದಕ್ಕೆ ಕಾರಣ ನಮ್ಮ ನೆಗೆಣ್ಣಿ. ಬೀದರಿನ ಒಂದು ಕಚೇರಿಯಲ್ಲಿ ಆಕೆಗೆ ಗುಮಾಸ್ತೆ ಕೆಲಸ. ಬೆಳಗಿನ ಐದಕ್ಕೇ ಎದ್ದು ನನ್ನ ಜೊತೆ ರೊಟ್ಟಿ ಬಡಿದು, ಮಕ್ಕಳ ಡಬ್ಬಿ ಕಟ್ಟಿ, ಅಷ್ಟೂರಿನಿಂದ ಆಟೋ ಹಿಡಿಯುತ್ತಾಳೆ. ಹೋದ ವರ್ಷ ಗರ್ಭಕೋಶದ ಆಪರೇಷನ್ ಆಗಿದೆ. ಬಿಪಿ ಗುಳಿಗೆಯೂ ನಡೆದಿದೆ. ಒಂದು ಸಂಜೆ ಬಂದವಳೇ ಚೀಲ ಇಟ್ಟು, "ಅಕ್ಕಾ, ನಮ್ಮ ಆಫೀಸಿನಾಗ ನಾಳಿಂದ ಯೋಗಾ ಅದರಿ. ಎಲ್ಲಾರೂ ಮಾಡಬೇಕಂತ. ಗಂಡಸರ ಮುಂದ ಸೀರಿ ಉಟ್ಕೊಂಡು ಹ್ಯಾಂಗ ಬಗ್ಗಲಿ?" ಅಂದಳು.

ಹೋಗಿ ನೋಡು, ಆಮೇಲೆ ಮಾತಾಡೋಣ ಅಂದೆ. ಮೊದಲ ದಿನವೇ ಜಮಖಾನ ಹಾಸಿ ಎಲ್ಲರನ್ನೂ ಕೂಡಿಸಿ, ಕಲಿಸಲು ಬಂದವರು ಕಪಾಲಭಾತಿ ಶುರು ಮಾಡಿಸಿದರಂತೆ. ಹೊಟ್ಟೆಯನ್ನು ಒಳಗೆ ಎಳೆದು ಎಳೆದು ಉಸಿರು ಹೊರಹಾಕುವ ಕ್ರಿಯೆ ಅದು. ಯಾರಿಗೆ ಬಿಪಿ, ಯಾರಿಗೆ ಆಪರೇಷನ್ ಆಗಿದೆ, ಯಾರು ಬಸುರಿ ಅಂತ ಒಂದು ಮಾತು ಕೇಳಿಲ್ಲ. ಇವಳಿಗೆ ಕಣ್ಣು ಕತ್ತಲೆ ಬಂದು ಗೋಡೆ ಹಿಡಿದು ಕೂತಿದ್ದಾಳೆ. ಮೇಲೆ ಸಾಹೇಬರ ಮಾತು ಬೇರೆ: "ಫೋಟೋ ಕಳಿಸಬೇಕಮ್ಮ, ಸಾಲಿನಾಗ ಕೂಡ್ರಿ."

ನನಗೆ ಸಿಟ್ಟು ಬಂತು. ಯೋಗದ ಮೇಲಲ್ಲ, ಕೇಳದೆ ಮಾಡಿಸಿದ್ದರ ಮೇಲೆ. ಬಿಪಿ, ಹೃದಯದ ತೊಂದರೆ, ಹರ್ನಿಯಾ ಇದ್ದವರು, ಹೊಟ್ಟೆಯ ಆಪರೇಷನ್ ಆದವರು, ಬಸುರಿಯರು ಕಪಾಲಭಾತಿ ಮಾಡಬಾರದೆಂದು ಯೋಗ ಬಲ್ಲವರೇ ಹೇಳುತ್ತಾರೆ. ಮುಟ್ಟಿನ ದಿನಗಳಲ್ಲೂ ಬಿಡುವುದು ವಾಡಿಕೆ. ಇದನ್ನು ಹತ್ತು ಜನ ಗಂಡಸರ ನಡುವೆ ಎದ್ದು ನಿಂತು ಯಾವ ಹೆಣ್ಣುಮಗಳು ಹೇಳಿಕೊಂಡಾಳು?

ಆಮೇಲೆ ಮಗನ ಮೊಬೈಲಿನಲ್ಲಿ ಹುಡುಕಿಸಿ ನೋಡಿದೆ. ಕೇಂದ್ರದ ಆಯುಷ್ ಸಚಿವಾಲಯ ಕಚೇರಿಯವರಿಗಾಗಿಯೇ 'ವೈ-ಬ್ರೇಕ್' ಎಂದು ಐದು ನಿಮಿಷದ ಯೋಗ ಕ್ರಮ ಮಾಡಿದೆ. 2020ರ ಜನವರಿಯಲ್ಲಿ ದೊಡ್ಡ ನಗರಗಳಲ್ಲಿ ಅದರ ಪ್ರಯೋಗ ನಡೆಯಿತು. 2021ರ ಸೆಪ್ಟೆಂಬರ್ 1ರಂದು ಅದರ ಮೊಬೈಲ್ ಆ್ಯಪ್ ಬಂತು. 2023ರಲ್ಲಿ ಕುರ್ಚಿಯಲ್ಲೇ ಕೂತು ಮಾಡುವ ಕ್ರಮವನ್ನೂ ಹೊರತಂದರು. ಅದರಲ್ಲಿ ಕಪಾಲಭಾತಿಯೇ ಇಲ್ಲ ನೋಡಿ! ಜಮಖಾನ ಬೇಡ, ಬಟ್ಟೆ ಬದಲಿಸಬೇಕಿಲ್ಲ, ಸೆರಗು ಸೊಂಟಕ್ಕೆ ಸಿಕ್ಕಿಸಿದರೆ ಸಾಕು.

ಅದರ ಕ್ರಮ ಹೀಗಿದೆ. ಬೆರಳು ಹೆಣೆದು ಕೈ ಮೇಲೆತ್ತಿ ಮೈ ಎಳೆಯುವ ತಾಡಾಸನ, ಹಾಗೆಯೇ ಎಡಕ್ಕೂ ಬಲಕ್ಕೂ ವಾಲುವುದು. ಆಮೇಲೆ ಬೆರಳ ತುದಿ ಹೆಗಲ ಮೇಲಿಟ್ಟು ಮೊಣಕೈಯನ್ನು ಗಿರಣಿಯ ಚಕ್ರದಂತೆ ತಿರುಗಿಸುವ ಸ್ಕಂಧ ಚಕ್ರ. ನನ್ನ ಕೇಳಿದರೆ ನಮ್ಮ ಹೆಂಗಸರಿಗೆ ಎಲ್ಲಕ್ಕಿಂತ ಬೇಕಾದದ್ದು ಇದೇ. ಜಡೆ ಹೆಣೆಯಲು ಕೈ ಹಿಂದೆ ಹೋಗುವುದಿಲ್ಲ, ಮೇಲಿನ ಹಲಗೆಯ ಡಬ್ಬಿ ಇಳಿಸಲಾಗುವುದಿಲ್ಲ ಎಂದು ನಲವತ್ತು ದಾಟಿದ ಎಷ್ಟು ಜನ ನರಳುತ್ತಾರೆ! ಸಕ್ಕರೆ ಕಾಯಿಲೆ ಇದ್ದವರಿಗೆ ಹೆಗಲು ಹೀಗೆ ಬಿಗಿಯುವುದು ಇನ್ನೂ ಹೆಚ್ಚು. ನಿಧಾನವಾಗಿ ಮುಂದಕ್ಕೆ ನಾಲ್ಕು, ಹಿಂದಕ್ಕೆ ನಾಲ್ಕು ಸುತ್ತು. ನೋವು ಬರುವ ಜಾಗದಲ್ಲಿ ನಿಲ್ಲಿಸಬೇಕು, ಹಲ್ಲು ಕಚ್ಚಿ ದಾಟಬಾರದು.

ಅದಾದ ಮೇಲೆ ಸೊಂಟ ತಿರುಗಿಸುವ ಕಟಿ ಚಕ್ರಾಸನ, ಎದೆ ತೆರೆದು ಹಿಂದಕ್ಕೆ ಬಾಗುವುದು, ಕಾಲು ಅಗಲಿಸಿ ಮುಂದಕ್ಕೆ ಬಗ್ಗುವುದು. ಹೊಟ್ಟೆಯ ಆಪರೇಷನ್ ಆದವರು ಡಾಕ್ಟರ್ ಹ್ಞೂಂ ಅನ್ನುವತನಕ ತಿರುಗುವುದನ್ನೂ ಬಗ್ಗುವುದನ್ನೂ ಬಿಡಿ. ಬಿಪಿ ಹೆಚ್ಚಿದ್ದವರು, ಕಣ್ಣಿನ ಒತ್ತಡ ಇದ್ದವರು ತಲೆ ತೀರಾ ಕೆಳಗೆ ಮಾಡುವುದು ಬೇಡ. ಕೊನೆಗೆ ನಾಡಿಶೋಧನ. ಒಂದು ಮೂಗಿನಿಂದ ಎಳೆದು ಇನ್ನೊಂದರಿಂದ ಬಿಡುವುದು, ಉಸಿರು ಹಿಡಿಯುವ ಹಟ ಬೇಡ. ಆಮೇಲೆ ದುಂಬಿಯಂತೆ ಗುಂಯ್ ಎನ್ನುವ ಭ್ರಾಮರಿ, ಒಂದು ಗಳಿಗೆ ಕಣ್ಣು ಮುಚ್ಚಿ ಕೂಡುವುದು. ಕಿವಿ ಸೋರುತ್ತಿದ್ದರೆ ಭ್ರಾಮರಿ ಬಿಡಿ. ಗಾಲಿ ಇರುವ ಕುರ್ಚಿಯಲ್ಲಿ ಮಾತ್ರ ಇದೊಂದನ್ನೂ ಮಾಡಬೇಡಿ, ಜಾರಿತೆಂದರೆ ಸೊಂಟವೇ ಹೋದೀತು. ಇನ್ನು ಗುಳಿಗೆ ನಿಲ್ಲಿಸುವ ಮಾತಂತೂ ಆಡಲೇಬೇಡಿ. ಯೋಗ ಗುಳಿಗೆಯ ಜೊತೆಗೆ, ಗುಳಿಗೆಯ ಬದಲಿಗಲ್ಲ.

ಕುರ್ಚಿಯಲ್ಲಿ ಕೂತದ್ದು ಎಂಥ ಯೋಗ ಎಂದು ಮೂಗು ಮುರಿಯುವವರೂ ಇದ್ದಾರೆ. ಅವರಿಗೊಂದು ಮಾತು. ಬಿ.ಕೆ.ಎಸ್. ಅಯ್ಯಂಗಾರರು ನಮ್ಮ ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದವರು, ಚಿಕ್ಕಂದಿನಲ್ಲಿ ಕಾಯಿಲೆಯಿಂದ ಸೊರಗಿದವರು. ಮೈಸೂರಿನಲ್ಲಿ ಅಕ್ಕನ ಗಂಡ ಕೃಷ್ಣಮಾಚಾರ್ಯರ ಬಳಿ ಯೋಗ ಕಲಿತರು. ಮುಂದೆ ಜಗತ್ತಿಗೆಲ್ಲ ಹೆಸರಾದ ಅವರೇ ಮಡಚುವ ಕುರ್ಚಿ, ಹಗ್ಗ, ಮರದ ಇಟ್ಟಿಗೆ, ದಿಂಬು ಇಟ್ಟು ಮುದುಕರಿಗೂ ರೋಗಿಗಳಿಗೂ ಆಸನ ಕಲಿಸಿದರು. ಇನ್ನೊಂದು ಸಂಗತಿ ಕೇಳಿ, ನಮ್ಮ ಕಡೆಯವರಿಗೆ ಹೆಮ್ಮೆಯದು. 1936ರಲ್ಲಿ ಗುರುಗಳ ಜೊತೆ ಉತ್ತರ ಕರ್ನಾಟಕಕ್ಕೆ ಬಂದಾಗ ಧಾರವಾಡದ ಹೆಣ್ಣುಮಕ್ಕಳು ನಮಗೂ ಕಲಿಸಿ ಎಂದು ಕೇಳಿದರು. ಗುಂಪಿನಲ್ಲಿ ಚಿಕ್ಕ ಹುಡುಗ ಎಂಬ ಕಾರಣಕ್ಕೆ ಅಯ್ಯಂಗಾರರನ್ನು ಅವರ ಪಾಠಕ್ಕೆ ಕಳಿಸಿದರು. ಅಂದರೆ ಅವರು ಮೇಷ್ಟ್ರಾದದ್ದೇ ನಮ್ಮ ಉತ್ತರ ಕರ್ನಾಟಕದ ಹೆಂಗಸರ ಮುಂದೆ! ಅಂದಿನವರು ಬಾಯಿಬಿಟ್ಟು ಕೇಳಿದರು, ಸಂಕೋಚವನ್ನೂ ಗೌರವಿಸಿಕೊಂಡರು. ಈಗ ನಾವು ಸುಮ್ಮನಿರುವುದೇಕೆ?

ಇದನ್ನೆಲ್ಲ ನೆಗೆಣ್ಣಿಗೆ ಹೇಳಿದೆ. ಆಕೆಯೂ ಇನ್ನು ನಾಲ್ಕು ಜನ ಹೆಣ್ಣುಮಕ್ಕಳೂ ಕೂಡಿ ಸಾಹೇಬರ ಬಳಿ ಹೋದರು. ಕುರ್ಚಿಯ ಯೋಗ ಮಾಡಿಸಿ, ನಮಗೆ ಬೇರೆ ಕೋಣೆ ಕೊಡಿ, ಕಾಯಿಲೆಯನ್ನು ಗುಟ್ಟಾಗಿ ಕೇಳಿಕೊಳ್ಳಿ, ಬೇಡ ಅಂದವರನ್ನು ಬಿಡಿ, ಊಟದ ಹೊತ್ತಿನಲ್ಲಿ ಕತ್ತರಿ ಹಾಕಬೇಡಿ ಎಂದು ಐದು ಮಾತು ಚೀಟಿಯಲ್ಲಿ ಬರೆದು ಕೊಟ್ಟರು. ಸಾಹೇಬರು ಕೆಟ್ಟವರೇನಲ್ಲ, ಅವರಿಗೆ ಹೊಳೆದಿರಲಿಲ್ಲ ಅಷ್ಟೆ. ಹಳೇ ಫೈಲಿನ ಕೋಣೆ ಸಿಕ್ಕಿತು, ಕುರ್ಚಿಯೂ ಬಂತು. ಊಟದ ಹೊತ್ತು ಮಾತ್ರ ಇನ್ನೂ ಐದು ನಿಮಿಷ ಕಡಿಮೆಯೇ ಇದೆ. ಫೋಟೋ ಅಂತೂ ನಿಂತಿಲ್ಲ. ನಮ್ಮವಳ ಹೆಗಲು ಈಗ ತುಸು ಹಗುರ ಅನ್ನುತ್ತಾಳೆ. ಬಿಪಿ ಮೊದಲಿನಷ್ಟೇ ಇದೆ, ಗುಳಿಗೆ ನಡೆದಿದೆ.

ಅಲ್ಲಿ ಕಸ ಗುಡಿಸಿ ಚಹಾ ಕೊಡುವ ಒಬ್ಬ ಹೆಂಗಸಿದ್ದಾಳಂತೆ, ಗುತ್ತಿಗೆಯ ಕೆಲಸದವಳು. ಮೊದಲ ದಿನ ಜಮಖಾನ ಹಾಸಿದ್ದೂ ಸುತ್ತಿಟ್ಟಿದ್ದೂ ಆಕೆಯೇ. ಯೋಗಕ್ಕೆ ಮಾತ್ರ ಯಾರೂ ಕರೆದಿರಲಿಲ್ಲ. ಇವರೇ ಕರೆದು ಕುರ್ಚಿ ಕೊಟ್ಟರೆ ಕೂಡಲೊಲ್ಲಳು. "ಮುಂಜಾನಿಂದ ಬಗ್ಗೇ ಅದೀನ್ರೀ ಬಾಯಾರ, ಮತ್ತ ಬಗ್ಗಂದ್ರ ಹ್ಯಾಂಗ?" ಅಂದಳಂತೆ. ಬಗ್ಗುವುದು ಬೇಡ, ಕೈ ಮೇಲೆತ್ತಿ ಕಣ್ಣು ಮುಚ್ಚಿ ಕೂಡು ಎಂದು ಕೂಡಿಸಿದ್ದಾರೆ. ಈಗ ದಿನಾ ಬರುತ್ತಾಳೆ.

ನಮ್ಮಂಥ ಮನೆಯವರಿಗೆ ಕಚೇರಿ ಎಂದರೆ ಅಡುಗೆಮನೆ. ಸಾಹೇಬರಿಲ್ಲ, ಗಂಟೆ ಬಾರಿಸಿ ಎಬ್ಬಿಸುವವರೂ ಇಲ್ಲ. ನಾನು ಬೇಳೆ ಕುಕ್ಕರಿಗಿಟ್ಟು, ಅದು ಕೂಗುವವರೆಗೆ ಗೋಡೆಗೆ ಒರಗಿಸಿದ ಕಟ್ಟಿಗೆಯ ಕುರ್ಚಿಯಲ್ಲಿ ಮೇಲಿನದನ್ನು ಮಾಡುತ್ತೇನೆ. ರೊಟ್ಟಿ ಬಡಿದ ಮೇಲೆ ಸ್ಕಂಧ ಚಕ್ರ ಇನ್ನೆರಡು ಸುತ್ತು ಜಾಸ್ತಿ. ಸೊಂಟನೋವು ಕಾಲಿಗೆ ಇಳಿದು ಜೋಮು ಹಿಡಿಯುತ್ತಿದ್ದರೆ, ಕೈ ಎತ್ತಿದಾಗ ಎದೆ ಹಿಡಿದಂತಾದರೆ ಇದನ್ನೆಲ್ಲ ಬಿಟ್ಟು ಮೊದಲು ಡಾಕ್ಟರಿಗೆ ತೋರಿಸಿ.

ಬಿಪಿ ಇದ್ದವರಿಗೆ ಉಪ್ಪು ಕಡಿಮೆ ಹಾಕಿ ಶೇಂಗಾ ಚಟ್ನಿ ಮಾಡುವುದು ಹೇಗೆಂದು ಭಾಲ್ಕಿಯ ಸೋದರಿಯೊಬ್ಬರು ಕೇಳಿದ್ದಾರೆ. ಅದು ಮುಂದಿನ ಸಂಚಿಕೆಗೆ.